ಕೊನ್ನಾರಿ ಗಡ್ಡೆ

"ಒಂದು ಗಳಿಗೆ ಕೂತ್ಕೊಳ್ಳಲಿಕ್ಕೂ ಪುರುಸೊತ್ತಿಲ್ವಾ ನಿಂಗೆ?" ಎಂದು ಮಗನನ್ನು ಕೇಳಿದಳು ಸುಂದರಿ, ತೇಯುವ ಕಲ್ಲಿನಿಂದ ತಲೆ ಎತ್ತದೆ.

ತುಷಾರ್ ಕೂರಲಿಲ್ಲ. ಜಗಲಿಯ ಮೆಟ್ಟಿಲಲ್ಲಿ ಬಿದ್ದಿದ್ದ ಹುಲ್ಲಿನ ಕಟ್ಟನ್ನೇ ನೋಡುತ್ತಿದ್ದ. ಬಗ್ಗಿ ಒಂದು ಕಡ್ಡಿ ಎತ್ತಿ ಬೆರಳುಗಳ ನಡುವೆ ತಿರುಗಿಸಿದ. ಬೇರೆ ಹುಲ್ಲಿನ ಹಾಗೆ ಉರುಟಲ್ಲ. ಮೂರು ಅಂಚು ಚರ್ಮಕ್ಕೆ ತಾಗಿದವು. ಕೊನ್ನಾರಿಯೇ. ಬುಡದ ಕಪ್ಪು ಗಡ್ಡೆಗಳನ್ನು ಅಮ್ಮ ಆಗಲೇ ಮುರಿದುಕೊಂಡಿದ್ದಳು. ಎಲೆಗಳೆಲ್ಲ ತುದಿಯಿಂದ ಬುಡದವರೆಗೆ ಹಳದಿ.

"ಇದು ಎಲ್ಲಿಂದ ತಂದದ್ದು?"

"ಭಟ್ರ ಗದ್ದೆಯಿಂದ. ಈ ಸಲ ಎಷ್ಟು ಚಂದ ಬಲಿತಿದೆ ಗೊತ್ತುಂಟಾ? ಎಲೆ ಇಷ್ಟು ಹಳದಿ ಆಗ್ಬೇಕಾದ್ರೆ ಗಡ್ಡೆಗೆ ಎಲ್ಲ ಸಾರ ಇಳಿದಿದೆ ಅಂತಲೇ."

ಅಕ್ಕ ರಂಜನಿಯ ಎಂಟು ತಿಂಗಳ ಮಗುವಿಗೆ ಮೂರು ದಿನದಿಂದ ಭೇದಿ. ಗಡ್ಡೆಯನ್ನು ತೇಯ್ದು, ಹಾಲಲ್ಲಿ ಕುದಿಸಿ ಕುಡಿಸಿದರೆ ನಿಲ್ಲುತ್ತದೆ. ಆ ಮನೆಯಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಸುಂದರಿ ಕೊಟ್ಟದ್ದು ಅದನ್ನೇ.

"ನಿಂಗೂ ಇದೇ. ಹೊಟ್ಟೆ ನಿಂತಿತು, ಬಾಯಿ ಮಾತ್ರ ನಿಲ್ಲಲಿಲ್ಲ," ಎಂದಳು ಅಮ್ಮ. ಒಳಗೆ ರಂಜನಿ ನಕ್ಕಳು.

ಕಳೆದ ಶುಕ್ರವಾರ ಆ ಗದ್ದೆಗೆ ಕಳೆನಾಶಕ ಹೊಡೆದವನು ತುಷಾರ್. "ನಿನ್ನಮ್ಮ ಕಿತ್ತು ಮುಗಿಸುವಾಗ ನಂಗೆ ಮುಂದಿನ ಜನ್ಮ ಆಗ್ತದೆ ಮಾರಾಯ. ಹೊಡೆದು ಬಿಡು," ಎಂದಿದ್ದರು ಈಶ್ವರಪ್ರಸಾದ ಭಟ್ಟರು. ವರ್ಕಾಡಿಯ ಅರ್ಧ ತೋಟಗಳಿಗೆ ಈಗ ಅವನೇ ಹೊಡೆಯುವವನು. ಮನೆಯಲ್ಲಿ ಮಾತ್ರ ಹುಲ್ಲು ಕತ್ತರಿಸುವ ಮಿಷನಿನ ಕೆಲಸ ಎಂದಿದ್ದ. ದಿನಾ ಭಟ್ಟರ ಪಂಪ್ ಶೆಡ್ಡಿನಲ್ಲಿ ಮಿಂದು, ಅಂಗಿ ಬದಲಿಸಿಯೇ ಮನೆಗೆ ಬರುತ್ತಿದ್ದ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವನು ಅವನ ಅಣ್ಣ ಶ್ರೀಕೃಷ್ಣ. ಹನ್ನೊಂದು ವರ್ಷ ಚಾಪೆ ಬಿಟ್ಟು ಏಳದೆ ಸತ್ತ. ಹೆಣ ಎತ್ತುವ ಮೊದಲು ಅಮ್ಮ ಆರು ವರ್ಷದ ತುಷಾರನ ಅಂಗೈಯನ್ನು ತನ್ನ ನೆತ್ತಿಯ ಮೇಲೆ ಇಡಿಸಿ, ಸಾಯುವವರೆಗೆ ವಿಷದ ಕೆಲಸ ಮುಟ್ಟುವುದಿಲ್ಲ ಎಂದು ಹೇಳಿಸಿದ್ದಳು. ಆಣೆ ಹಾಕಿಸುವುದಕ್ಕೆ ಎಂತ ಖರ್ಚು! ಆಕಾಶದಿಂದ ಸುರಿದವರು ಒಬ್ಬರೂ ಈ ಜಗಲಿಗೆ ಬಂದು ತಲೆ ತಗ್ಗಿಸಿ ನಿಂತವರಲ್ಲ. ಆಣೆ ಮಾತ್ರ ಇವನೊಬ್ಬನಿಗೆ. ಒಂಬತ್ತನೇ ಕ್ಲಾಸು ಬಿಟ್ಟವನನ್ನು ಈ ಊರಲ್ಲಿ ಬೇರೆ ಯಾವ ಕೆಲಸಕ್ಕೆ ಯಾರು ಕರೆದಿದ್ದಾರೆ? ಪ್ರತಿ ಸಲ ವಿಷದ ಪಂಪು ಬೆನ್ನಿಗೆ ಏರಿಸುವಾಗ ಅವನು ಈ ಜಗಳವನ್ನು ಮನಸ್ಸಿನಲ್ಲೇ ಆಡಿ, ಗೆದ್ದು, ನಡೆಯುತ್ತಿದ್ದ.

"ಇದು ಬೇಡ. ನಾನು ಅಂಗಡಿಯಿಂದ ತರ್ತೇನೆ," ಎಂದ.

"ಅಂಗಡಿಯದ್ದು ಯಾವ ಕಾಲದ್ದೋ ಎಂತದೋ. ಇದರ ಪರಿಮಳ ನೋಡು." ಅವಳು ತೇಯ್ದ ಗಂಧವನ್ನು ಬೆರಳಿನಿಂದ ಬಳಿದು ಹಾಲಿನ ಪಾತ್ರೆಗೆ ಹಾಕಿದಳು.

ತುಷಾರ್ ಪಾತ್ರೆಯನ್ನು ಒದ್ದ. ಹಾಲು ಅಂಗಳದವರೆಗೆ ಹರಿಯಿತು.

"ಹುಚ್ಚು ಹಿಡಿದಿದೆಯಾ ನಿಂಗೆ!"

"ಮಗುವಿಗೆ ಕೊಟ್ಟಾಗಿದೆಯಾ? ಅದು ಹೇಳು ಮೊದಲು!"

ರಂಜನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. "ಬೆಳಿಗ್ಗೆ ನಾಲ್ಕು ಚಮಚ. ಅರ್ಧ ಕಕ್ಕಿತು. ಯಾಕೋ?"

"ಆ ಗದ್ದೆಗೆ ವಿಷ ಹೊಡೆದಿದೆ."

ಸುಂದರಿ ಕಲ್ಲಿನ ಮೇಲಿದ್ದ ಕೈ ತೆಗೆಯಲಿಲ್ಲ. "ಯಾರು ಹೊಡೆದದ್ದು?"

ಭಟ್ಟರ ಆಳುಗಳು ಎನ್ನಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಯಾವ ಕ್ಯಾನಿನದ್ದು, ಎಷ್ಟು, ಯಾವತ್ತು ಎಂದು ಹೇಳಬಲ್ಲವನು ಅವನೊಬ್ಬನೇ.

"ನಾನು."

ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಅವನಿಗೆ ತಿರುಗಿ ಕೂಗಲಿಕ್ಕಾದರೂ ಆಗುತ್ತಿತ್ತು. "ರಂಜನಿ, ಮಗುವಿನ ಬಾಯಿ ತೊಳೆ," ಎಂದಳು ಅಷ್ಟೆ. ಎದ್ದು ಸೀರೆ ಸರಿಪಡಿಸಿಕೊಂಡಳು.

ರಸ್ತೆಯಲ್ಲಿ ಅಬ್ದುಲ್ ಲತೀಫರ ಬಾಡಿಗೆ ಜೀಪು ಸಿಕ್ಕಿತು. ವಿಷಯ ಕೇಳಿದವರೇ ಅವರು ಸ್ಟೇರಿಂಗಿಗೆ ಗುದ್ದಿದರು. "ಯಾವುದು ಹೊಡೆದದ್ದು ಅಂತ ಡಾಕ್ಟ್ರು ಕೇಳ್ತಾರೆ. ಹೆಸರು ಗೊತ್ತುಂಟಾ ನಿಂಗೆ?"

"ಇಂಗ್ಲಿಷಲ್ಲಿ ಉಂಟು. ಓದಲಿಕ್ಕೆ ಬರುವುದಿಲ್ಲ."

"ಓದಲಿಕ್ಕೆ ಬರುವುದಿಲ್ಲ, ಹೊಡೀಲಿಕ್ಕೆ ಬರ್ತದೆ! ಹೋಗು, ಕ್ಯಾನನ್ನೇ ಹೊತ್ತು ತಾ. ಓಡು!"

ಅವನು ಪಂಪ್ ಶೆಡ್ಡಿಗೆ ಓಡಿದ. ಐದು ಲೀಟರಿನ ಬಿಳಿ ಕ್ಯಾನು, ಅರ್ಧ ತುಂಬಿದ್ದು. ತರುವಷ್ಟರಲ್ಲಿ ಅಕ್ಕ ಮುಂದೆ ಕೂತಿದ್ದಳು. ಮಗು ಕಣ್ಣು ಬಿಟ್ಟಿತ್ತು, ಅಳುತ್ತಿರಲಿಲ್ಲ. ಹಿಂದೆ ಸಿಮೆಂಟಿನ ಮೂಟೆಗಳು. ಕ್ಯಾನು ಇಡಲಿಕ್ಕೆ ಸಮ ಜಾಗವಿಲ್ಲ. ಹಿಂದಿನ ಮೆಟ್ಟಿಲ ಮೇಲೆ ನಿಲ್ಲಬೇಕಾದ ಅವನಿಗೆ ಎರಡೂ ಕೈ ಬೇಕು.

ಮೂಟೆಗಳ ನಡುವೆ ಕೂತಿದ್ದ ಸುಂದರಿ ಅವನ ಮುಖ ನೋಡದೆ ಕೈ ಚಾಚಿದಳು. ಕ್ಯಾನನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ಜೀಪು ಹೊಂಡಕ್ಕೆ ಇಳಿದು ಹತ್ತಿತು. ಕ್ಯಾನಿನೊಳಗೆ ಗುಳುಗುಳು ಸದ್ದಾಯಿತು. ಅವಳು ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಎರಡೂ ಕೈಗಳಿಂದ ಅದನ್ನು ಹೊಟ್ಟೆಗೆ ಅವಚಿಕೊಂಡಳು.