ಗಾಳಿಯಲ್ಲೇ ಉಳಿದ ಕೈ

ಗೋಡೆಯ ಬಿಸಿನೀರಿನ ಕೊಳವೆ ಟಕ್, ಟಕ್‌ಟಕ್, ಟಕ್ ಅನ್ನುತ್ತಿದೆ, ಒಳಗೆ ಯಾರನ್ನೋ ಜೀವಸಹಿತ ಹೂತುಬಿಟ್ಟ ಹಾಗೆ, ಹೂತವರಿಗಾದರೂ ತಾಳ ಬೇಡವೇ, ಒಂದು ಬಡಿತ ಬೇಗ, ಒಂದು ನಿಧಾನ — ಆರ್ಡಿಸ್ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಕೋಟು ಬಿಚ್ಚಿಲ್ಲ, ಬಿಚ್ಚಿದರೆ ಉಳಿಯಲು ಒಪ್ಪಿದ ಹಾಗೆ, ಬೆಳಗಿನಿಂದ ಬೆವರಿ ಬೆವರಿ ಬೆನ್ನ ಮೇಲೆ ಮಿಸಿಸಿಪ್ಪಿಯೇ ಹರಿಯುತ್ತಿದೆ, ಆದರೂ ಬಿಚ್ಚಿಲ್ಲ. ಅವಳದೂ ಅಲ್ಲ ಇದು, ಗಂಡ ಓರಿನ್ ಅವರದು, ಕಾರಿನ ಹೀಟರ್ ನಂಬಬೇಡ ಕಣೇ, ನನ್ ಕೋಟೇ ಹಾಕ್ಕೊಂಡ್ ಹೋಗು ಅಂತ ಬಾಗಿಲಿಗೆ ಅಡ್ಡ ನಿಂತು ತೊಡಿಸಿಯೇ ಕಳಿಸಿದ್ದು, ಒಂದು ಕರಡಿಯಷ್ಟು ಭಾರ, ಎದ್ದಾಗಲೆಲ್ಲ ಬಲಜೇಬಿನಲ್ಲೇನೋ ತೊಡೆಗೆ ಬಡಿಯುತ್ತದೆ, ಅವರ ಕೆಮ್ಮಿನ ಗುಳಿಗೆಯ ಡಬ್ಬಿಯೇ ಇರಬೇಕು. ಅಕ್ಕ ಮಾರ್ವೆಲ್ ಮನೇಗ್ ಹೋಗ್ಬರ್ತೀನಿ ರೀ, ಎರಡು ದಿನ, ಕೌದಿ ಹೊಲಿಯೋದಿದೆ ಅಂತ ಅವಳು ಹೇಳಿದ್ದು, ಕೂಗಿ ಹೇಳಿದ್ದು, ಸುಳ್ಳನ್ನು ಕೂಗಿ ಹೇಳುವುದು ಎಷ್ಟು ಕಷ್ಟ, ಪಿಸುಗುಟ್ಟಿದರೆ ಒಂದಿಷ್ಟು ಮಾನ ಉಳಿಯುತ್ತದೆ, ಆದರೆ ಓರಿನ್ ಅವರಿಗೆ ಈಗ ಕೂಗದೆ ಕೇಳುವುದಿಲ್ಲ, ಕೂಗಿದರೂ ಅರ್ಧ. ಕೌದಿಯಂತೆ! ಸೂಜಿ ಹಿಡಿದರೆ ತನ್ನ ಬೆರಳನ್ನೇ ಬಟ್ಟೆಗೆ ಹೊಲಿದುಕೊಳ್ಳುವವಳು — ನಂಬಿದರೇ? ಆಗಲಿ ಆಗಲಿ, ಚೆನ್ನಾಗ್ ಕಲ್ತ್ಕೊಂಡ್ ಬಾ ಅಂದರು, ಕಲಿತುಕೊಂಡು ಅಂದರೇ, ಹೊಲಿದುಕೊಂಡು ಅಂದರೇ, ಕಾರಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ, ಕಿವುಡು ಅಂಟುಜಾಡ್ಯವೋ ಏನೋ. ಇಲ್ಲಿ ಕೂತವರೆಲ್ಲ ಮೇಳದ ಮುಂದೆ ನಿಂತು ಕೈಯಾಡಿಸಿ ಹಾಡಿಸುವುದನ್ನು ಕಲಿಯಲು ಬಂದವರು, ವಾದ್ಯವಿಲ್ಲದ ನಾಲ್ಕು ದನಿಯ ಹಾಡು, ಬಾರ್ಬರ್‌ಶಾಪ್ ಹಾಡು, ಹಿಂದೆ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಸರದಿ ಕಾಯುತ್ತ ಹಾಡುತ್ತಿದ್ದರಂತೆ, ಓರಿನ್ ಮುಂದೆ ನಿಂತು ಹಾಡಿಸುವ ಊರಿನ ಮೇಳದ ಮುದುಕರಲ್ಲಿ ಈಗ ಕ್ಷೌರ ಮಾಡಿಸಲು ಎಲ್ಲರ ತಲೆ ಸೇರಿಸಿದರೂ ಒಂದು ಹಿಡಿ ಕೂದಲಿಲ್ಲ. ಆ ಮುದುಕರಲ್ಲೊಬ್ಬ, ಕೆಳದನಿಯ ಲಾಯ್ಡ್, ಅಡಿಗೆಮನೆಗೆ ಬಂದು ಟೋಪಿ ಹಿಂಡುತ್ತ, ಅತ್ತಿಗೇ, ಅಣ್ಣಂಗೆ ಕೇಳಿಸ್ತಿಲ್ಲ, ನಾವು ಶ್ರುತಿ ಬಿಟ್ಟು ಬಾವಿಗೆ ಬಿದ್ರೂ ನಗ್ತಾ ನಿಂತಿರ್ತಾರೆ, ನೀವ್ ಕಲ್ತು ನಿಂತ್ಕೊಳ್ಳಿ, ಇಲ್ಲಾಂದ್ರೆ ಈಸ್ಟರ್ ಮುಗಿಸಿ ಮೇಳ ಮುಚ್ಚೋಣ ಅಂದಿದ್ದ. ನೀನೇ ಹೋಗಿ ಅವರ ಮುಂದೆ ಹೇಳೋ, ಗಂಡಸಲ್ವಾ ಅಂದಳು ಇವಳು. ಅಯ್ಯೋ ನಂಗಾಗಲ್ಲಪ್ಪ ಅಂದು ಕೇಕು ಎರಡು ತುಂಡು ತಿಂದು ಹೋದ, ದುಃಖದಲ್ಲೂ ಎರಡು ತುಂಡು. ಗಂಡನ ಜಾಗವನ್ನು ಗಂಡನ ಬೆನ್ನ ಹಿಂದೆ, ಗಂಡನ ಕೋಟಿನಲ್ಲೇ — ಈಗ ಎದ್ದರೆ ಕತ್ತಲಾಗುವುದರೊಳಗೆ ಮನೆ ಸೇರಬಹುದು, ಕೌದಿ ಬೇಗ ಮುಗಿಯಿತು ಅನ್ನಬಹುದು.

ಎದ್ದಳು, ಕೂತಳು, ತೊಡೆಗೆ ಟಕ್. ಕಲಿಸುವ ಟೋಬಿನ್ ಬರುತ್ತಿದ್ದಾನೆ, ಮಗನಾಗುವ ವಯಸ್ಸು, ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡಂತೆ ನಡೆಯುತ್ತಾನೆ, ನೋಡೀಮ್ಮಾ, ಬಾಯಿ ಮುಚ್ಚಬೇಕು, ಅವರ ಜೊತೆ ನೀವೂ ಹಾಡಿದ್ರೆ ಅವರನ್ನ ಕೇಳೋರ್ಯಾರು? ಬೆಳಗ್ಗೆ ಅವಳ ತುಟಿಗಳ ನಡುವೆ ಕಾಫಿ ಕಲಕುವ ಕಡ್ಡಿ ಇಟ್ಟು ಇದು ಬೀಳ್ಬಾರ್ದು ಅಂದಿದ್ದ, ಮೊದಲ ಸಾಲಿಗೇ ಬಿತ್ತು, ಆಮೇಲೂ ಬಿದ್ದದ್ದು ಬಿದ್ದದ್ದೇ, ಬಿದ್ದ ಕಡ್ಡಿಗಳಲ್ಲಿ ಒಂದು ಮನೆ ಕಟ್ಟಬಹುದಿತ್ತು. ಪಕ್ಕದ ಕುರ್ಚಿಯ ಡ್ವೇನ್, ನೆಬ್ರಾಸ್ಕಾದ ಜೋಳದ ಕಣಜದಂಥ ಹೊಟ್ಟೆಯವನು, ಹ್ಯಾಮ್ ಸ್ಯಾಂಡ್‌ವಿಚ್ ಅಗಿಯುತ್ತಲೇ, ಅಕ್ಕಾವ್ರೇ, ಈ ಕಡ್ಡಿ ಒಂದು ಕಟ್ಟು ಕೊಂಡೋಗ್ಬೇಕು ನನ್ ಹೆಂಡ್ತಿ ಬಾಯಿಗೆ ಅಂದ. ನಿಮ್ ಬಾಯಿಗೆ ಅವಳು ಹಲಗೇನೇ ತೆಗ್ದಿಟ್ಟಿರ್ತಾಳೆ ಬಿಡಿ. ನಕ್ಕ, ರೊಟ್ಟಿಯ ಚೂರು ಹಾರಿತು. ಬಾಯಾಡಿಸುವುದು ಅವಳ ಚಟವಲ್ಲ, ಓರಿನ್ ಅವರದು, ಕಿವಿ ಮಂದವಾದ ಮೇಲೆ ಅವರು ಪ್ರತಿ ಪದವನ್ನೂ ತುಟಿಯಲ್ಲಿ ಕಟ್ಟಿ ಮೇಳದವರ ತುಟಿಯಲ್ಲಿ ಹುಡುಕುತ್ತಿದ್ದರು, ನೋಡಿ ನೋಡಿ ಅವಳಿಗೂ ಬಂದಿದೆ, ಮೊಣಕೈ ಎತ್ತುವ ರೀತಿಯೂ ಬಂದಿದೆ. ಈಗ ಕೊನೆಯ ಪಾಠ, ಟೋಬಿನ್ ಕೈ ಎತ್ತಿದ, ಕೊನೇ ಸ್ವರ ನಿಮ್ ಕೈಲಿರುತ್ತೆ, ನೀವೇ ಬಿಡಬೇಕು, ನೊಣ ಹಿಡ್ದ ಹಾಗೆ ಗಬಕ್ಕಂತ ಮುಷ್ಟಿ, ಮುಚ್ಚೋವರೆಗೂ ಅವರು ನಿಲ್ಲಿಸೋ ಹಾಗಿಲ್ಲ — ಮುಚ್ಚದ ಕೈ, ಅಯ್ಯೋ, ಬೇಡ, ಹೋದ ಕ್ರಿಸ್‌ಮಸ್, ಚರ್ಚಿನ ನೆಲಮಾಳಿಗೆ, ಕಾಫಿಯ ಹಬೆ, ಕೊನೆಯ ಸ್ವರಕ್ಕೆ ಓರಿನ್ ಕಣ್ಣು ಮುಚ್ಚುತ್ತಾರೆ, ಮದುವೆಗೆ ಮುಂಚಿನಿಂದಲೂ, ಮುಚ್ಚಿದರು, ಮುದುಕರಿಗೆ ಉಸಿರು ಸಾಲದೆ ಒಬ್ಬೊಬ್ಬರಾಗಿ ಬಿಟ್ಟುಬಿಟ್ಟರು, ಹಾಡು ಮುಗಿದೇ ಹೋಯಿತು, ಕೈ ಮಾತ್ರ ಮೇಲೆ, ಬೆರಳು ಬಿಡಿಸಿ, ಯಾರೂ ಹಾಡದ ಸ್ವರವನ್ನು ಹಿಡಿದುಕೊಂಡು, ಮುಖದ ತುಂಬ ಸ್ವರ್ಗ. ಜನ ಪ್ರಾರ್ಥನೆಯೆಂದುಕೊಂಡು ತಲೆ ಬಾಗಿಸಿದರು. ಒಂದು ಯುಗ. ಲಾಯ್ಡ್ ತೋಳು ಜಗ್ಗಿದ, ಓರಿನ್ ಕಣ್ಣು ಬಿಟ್ಟವರು ಲಾಯ್ಡ್‌ನನ್ನು ನೋಡಲಿಲ್ಲ, ತಿರುಗಿ ಕಾಫಿ ಮೇಜಿನ ಹಿಂದೆ ನಿಂತಿದ್ದ ಅವಳನ್ನು ನೋಡಿದರು. ಅವಳು ಲೋಟ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು.

ಆರ್ಡಿಸಮ್ಮಾ, ನಿಮ್ ಸರದಿ. ಏಳು ಅಂದುಕೊಂಡಳು. ಕೆಡಿಸಿಬಿಟ್ಟರಾಯಿತು, ಎಷ್ಟು ಸುಲಭ, ಈಗ ನಾಲ್ಕು ಜನರೆದುರು ಕೆಡಿಸಿ, ಲಾಯ್ಡ್, ನನ್ ಕೈಲಾಗಲ್ಲ ಕಣಪ್ಪ ಅಂದರಾಯಿತು, ಮೇಳ ಮುಚ್ಚಲಿ, ಓರಿನ್ ನಿಲ್ಲುವ ಜಾಗದಲ್ಲಿ ಬೇರೆ ಯಾರೂ ನಿಲ್ಲದಿರಲಿ. ನಿಮ್ ಶ್ರುತಿಪೀಪಿ ಎಲ್ಲಿ? ತಂದಿಲ್ಲ, ಹಾಡಿಗೆ ಮುಂಚೆ ಊದಿ ಸ್ವರ ಕೊಡುವ ಪೀಪಿ ಮನೆಯಲ್ಲಿರುವುದು ಒಂದೇ, ಓರಿನ್ ಅವರದು, ಅದನ್ನು ತೆಗೆದರೆ ಕಳ್ಳತನ. ಡ್ವೇನ್ ತನ್ನದನ್ನು ಚಾಚಿದ, ತಗೊಳ್ಳಿ ಅಕ್ಕಾವ್ರೇ, ಊದಿದ್ರೆ ಸ್ವಲ್ಪ ಹಂದಿಮಾಂಸದ ವಾಸನೆ ಬರುತ್ತೆ ಅಷ್ಟೇ, ಥೂ ನಿಮ್ಮ, ಒರೆಸಲು ಕರವಸ್ತ್ರಕ್ಕೆ ಬಲಜೇಬಿಗೆ ಕೈ ಹಾಕಿದಳು, ಗುಳಿಗೆಯ ಡಬ್ಬಿ, ಅಲ್ಲ, ದುಂಡಗಿದೆ, ಅಂಚಿನಲ್ಲಿ ತೂತುಗಳು, ತಣ್ಣಗೆ — ಹೊರಗೆ ತೆಗೆದಳು. ಓರಿನ್ ಅವರ ಪೀಪಿ. ತಪ್ಪಿ ಉಳಿದದ್ದಲ್ಲ, ಅದು ಕೋಟಿನ ಜೇಬು ಕಂಡದ್ದೇ ಇಲ್ಲ, ಅಂಗಿಯ ಎಡಜೇಬೇ ಅದರ ಮನೆ, ಎಲ್ಲ ಅಂಗಿಗಳಲ್ಲೂ ಅಲ್ಲೊಂದು ಉರುಟು ಸವೆತ, ತೇಪೆ ಹಾಕಿ ಹಾಕಿ ಅವಳಿಗೇ ಸಾಕಾಗಿದೆ. ಈಗ ತಿಕ್ಕಿ ತಿಕ್ಕಿ ಹೊಳೆಸಿದ್ದಾರೆ, ಬಿ ಫ್ಲಾಟ್ ಸ್ವರದ ತೂತಿನ ಪಕ್ಕ ಅವಳೇ ಎಂದೋ ಹಚ್ಚಿಕೊಟ್ಟ ಉಗುರುಬಣ್ಣದ ಕೆಂಪು ಚುಕ್ಕೆ ಮಾತ್ರ ಉಜ್ಜದೆ ಬಿಟ್ಟಿದ್ದಾರೆ. ಕೋಟೇ ಹಾಕ್ಕೊಂಡ್ ಹೋಗು. ಚೆನ್ನಾಗ್ ಕಲ್ತ್ಕೊಂಡ್ ಬಾ. ಕಲಿತುಕೊಂಡು ಅಂತಲೇ ಅಂದದ್ದು, ಕಳ್ಳ, ಕೌದಿಯ ಮಾತನ್ನು ಒಂದು ಚೂರೂ ನಂಬದೆ ತಲೆಯಾಡಿಸಿದ ಕಳ್ಳ. ಅಮ್ಮಾ, ಶುರು ಮಾಡೋಣ್ವಾ? ಊದಿದಳು, ಕೆಂಪು ಚುಕ್ಕೆಯಲ್ಲಿ ಅವರ ಕಾಫಿಯ ರುಚಿ, ಕಲಿಯಲು ಬಂದವರ ಮೇಳ ಹೂಂಗುಟ್ಟಿತು, ಕೈ ಎತ್ತಿದಳು, ಹೋಯಿತು ಹಾಡು, ಯಾರೋ ಹುಡುಗಿ ಗೇಟಿನ ಹತ್ತಿರ ನಿಂತ ಹಾಡು, ಇವರ ಹಾಡುಗಳಲ್ಲೆಲ್ಲ ಹುಡುಗಿಯರು ಗೇಟಿನ ಹತ್ತಿರವೇ ನಿಂತಿರುತ್ತಾರೆ, ಕಾಲು ನೋಯುವುದಿಲ್ಲವೇ, ಎರಡನೇ ಸಾಲಿನಲ್ಲಿ ಕೆಡಿಸಬೇಕಿತ್ತು, ಕೆಡಿಸಲಿಲ್ಲ, ಮೂರನೆಯದೂ ಬಂತು, ಕಡ್ಡಿಯಿಲ್ಲದೆಯೇ ಬಾಯಿ ಮುಚ್ಚಿದೆ, ಬಾಯಿ ಮುಚ್ಚಿದ್ದಕ್ಕೋ ಏನೋ ಕಿವಿ ತೆರೆದಿದೆ, ಡ್ವೇನ್‌ನ ಕೆಳದನಿ ನೆಲದಿಂದ ಹತ್ತಿ ಬರುತ್ತಿದೆ, ಕೊನೆಯ ಪದ, ನಾಲ್ಕು ದನಿ ಒಂದಕ್ಕೊಂದು ಕಚ್ಚಿಕೊಂಡವು, ಕಿಟಕಿಯ ಗಾಜು ನಡುಗಿತು, ಮೇಲೆ, ಎಲ್ಲರಿಗಿಂತ ಮೇಲೆ, ಯಾರೂ ಹಾಡದ ಐದನೆಯ ದನಿ ಗುಂಯ್ ಅಂದಿತು — ಕೇಳಿಸ್ತಾ ಆರ್ಡಿಸ್, ಅದನ್ನ ಯಾರೂ ಹಾಡ್ತಿಲ್ಲ, ನಾಕೂ ಕೂಡಿದ್ರೆ ಅದಾಗೇ ಬರುತ್ತೆ, ಮದುವೆಯಾದ ಹೊಸತರಲ್ಲಿ ಅವರು ಕಿವಿಯಲ್ಲಿ ಅಂದದ್ದು, ಕೇಳಿಸ್ತಿದೆ ರೀ, ನಿಮಗೆ ಯಾವತ್ತು ನಿಂತಿತು, ಯಾಕೆ ಹೇಳಲಿಲ್ಲ, ಆ ಕ್ರಿಸ್‌ಮಸ್‌ನಲ್ಲಿ ಎಲ್ಲರೂ ಬಿಟ್ಟ ಮೇಲೂ ಹಿಡಿದುಕೊಂಡಿದ್ದು ಇದನ್ನೇ ಅಲ್ಲವೇ — ಉಸಿರು ಸಾಲದೆ ಡ್ವೇನ್‌ನ ಮುಖ ಬೀಟ್‌ರೂಟ್ ಆಗುತ್ತಿದೆ, ಅಮ್ಮಾ ಬಿಡಿ ಅನ್ನುತ್ತಿದ್ದಾನೆ ಟೋಬಿನ್, ಬಿಡಬೇಕು, ನೊಣ ಹಿಡಿದ ಹಾಗೆ, ಮುಚ್ಚಿದರೆ ಊರಿನ ಮೇಳ ನನ್ನದು, ಎಡಗೈ ಆಗಲೇ ಮುಚ್ಚಿದೆ, ಪೀಪಿಯ ಮೇಲೆ ಗಟ್ಟಿಯಾಗಿ, ಬಲಗೈ ಮೇಲೆ, ಬೆರಳು ಬಿಡಿಸಿ, ಓರಿನ್ ಅವರ ಉದ್ದ ತೋಳು, ಅದರ ತುದಿಯಲ್ಲಿ ತನ್ನ ಕೈ, ಮೇಲೆ, ಇನ್ನೂ ಮೇಲೆ, ಗಾಳಿಯಲ್ಲೇ ಉಳಿದ ಆ ಕೈ