ಗ್ಲಾಸಿನೊಳಗಿನ ಬಿಳಿ ನೂಲು

ಅರುವತ್ತೆರಡನೇ ಇಸವಿಯ ಬೇಸಗೆಯಲ್ಲಿ ರಾಮಕುಂಜದ ಸಂಕಪ್ಪನ ಗದ್ದೆಯ ಬದನೆ ಗಿಡಗಳು ಹಸಿರಿರುವಾಗಲೇ ಬಾಡಿ ಬೀಳತೊಡಗಿದವು. ಮೇಲಿನ ಸಾಲುಗಳಿಗೆ ಅವನು ಪುತ್ತೂರು ಪೇಟೆಯಿಂದ ತಂದ ವಿಷದ ಹುಡಿ ಕಲಸಿ ಹೊಡೆದ. ಕೆಳಗಿನ ಸಾಲುಗಳಿಗೆ ಹೆಂಡತಿ ದಮಯಂತಿ ಕಹಿ ನೆಕ್ಕಿಗಿಡದ ಸೊಪ್ಪು, ಬೆಳ್ಳುಳ್ಳಿ ಅರೆದು ನೀರು ಬೆರೆಸಿ ಚಿಮುಕಿಸಿದಳು. ಯಾರ ಮದ್ದು ಗೆಲ್ಲುತ್ತದೆಂಬ ಹಟಕ್ಕೆ ಇಬ್ಬರೂ ಮಾತು ಬಿಟ್ಟಿದ್ದರು. ಗಿಡಗಳು ಮಾತ್ರ ಪಕ್ಷಪಾತವಿಲ್ಲದೆ ಸತ್ತವು.

ತೀರ್ಪು ಹೇಳಲು ಬಂದ, ರೈತರಿಗೆ ಸಲಹೆ ಕೊಡುವ ಸರಕಾರಿ ಗ್ರಾಮಸೇವಕ ಬಾಡಿದ ಗಿಡವೊಂದರ ಕಾಂಡ ಕೊಯ್ದು, ಬಾವಿಯ ನೀರು ತುಂಬಿದ ಗ್ಲಾಸಿಗೆ ಇಳಿಬಿಟ್ಟ.

ಕೊಯ್ದ ಬಾಯಿಯಿಂದ ಬಿಳಿ ನೂಲೊಂದು ಹೊರಟಿತು. ಧೂಪದ ಹೊಗೆ ತಲೆಕೆಳಗಾದಂತೆ ಸದ್ದಿಲ್ಲದೆ ಇಳಿಯಿತು, ಇಳಿಯುತ್ತಲೇ ಇತ್ತು. ಕುಮಾರಧಾರೆಯ ನೆರೆ ಅಂಗಳಕ್ಕೆ ಬಂದಾಗಲೂ ಕೂತು ಎಲೆಯಡಿಕೆ ತಿಂದಿದ್ದ ಸಂಕಪ್ಪ ಈಗ ಎದ್ದು ನಿಂತ.

"ಇದೆಂತ ಮಾರಾಯ್ರೆ, ಹಾಲಾ?" ದಮಯಂತಿ ಗ್ಲಾಸಿನತ್ತ ಬಗ್ಗಿದಳು.

"ರೋಗ ತರುವ ಜೀವಿಗಳು. ಈ ನೂಲಲ್ಲಿ ಕೋಟಿಗಟ್ಟಲೆ ಉಂಟು. ಇವು ಇರುದು ಗಿಡದ ನರದೊಳಗೆ, ನೀವಿಬ್ಬರೂ ಮದ್ದು ಬಿಟ್ಟದ್ದು ಎಲೆಗೆ. ಇವು ನೀರಲ್ಲಿ ಹರಡ್ತವೆ. ಸತ್ತ ಗಿಡಗಳನ್ನು ಎಂತ ಮಾಡಿದ್ರಿ?"

ಗಂಡಹೆಂಡಿರು ಜಗಳವಿಲ್ಲದೆ ಮಾಡಿದ ಕೆಲಸ ಅದೊಂದೇ. ಊರಿನ ಮಾರಿಯನ್ನು ಗಡಿ ದಾಟಿಸುವ ಹಾಗೆ, ಕಿತ್ತ ಗಿಡಗಳನ್ನು ಕೈಮುಗಿದು ತೋಡಿನ ಹರಿವ ನೀರಿಗೆ ಬಿಟ್ಟಿದ್ದರು.

ಇಬ್ಬರೂ ತೋಡಿನತ್ತ ತಿರುಗಿದರು. ಗಿಡಗಳು ಎಲ್ಲಿಗೂ ಹೋಗಿರಲಿಲ್ಲ. ಗದ್ದೆಯ ಕೆಳಗೆ, ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕಿದ್ದ ಮಣ್ಣಿನ ಕಟ್ಟಕ್ಕೆ ತಾಗಿ ತೇಲುತ್ತಿದ್ದವು. ಮದ್ದು ಕಲಸಲು ಇಬ್ಬರೂ ದಿನಾ ಕೊಡಪಾನ ಅದ್ದುತ್ತಿದ್ದದ್ದು ಅಲ್ಲೇ.