ಏಡಿಕುದ್ರು ಜಿಲ್ಲೆಗೆ ಆದರದ ಸ್ವಾಗತ

ನಾನು ಹುಟ್ಟಿದ್ದು ಬರಿಯ ತಗಡಾಗಿ. ನನ್ನ ಜೊತೆ ಒಂದೇ ಸುರುಳಿಯಿಂದ ಕತ್ತರಿಸಿಕೊಂಡು ಬಂದ ಅಣ್ಣತಮ್ಮಂದಿರಲ್ಲಿ ಒಬ್ಬ ಹಾಲಿನ ಡೈರಿಯ ತಲೆಗೆ ಮಾಡಾದ, ಒಬ್ಬ ಹಂದಿಗೂಡಿನ ಬಾಗಿಲಾದ, ಇನ್ನೊಬ್ಬ ಹಲ್ಲಿನ ಡಾಕ್ಟರ ಬೋರ್ಡಾಗಿ ಹಗಲೂ ರಾತ್ರಿ ನಗುತ್ತ ನಿಂತ. ನನ್ನನ್ನು ಕೊಂಡವರು ಪಾವ್ಲು ಪೈಂಟರ್. ಐಸ್ ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ಅವರು ನನಗೆ ನೀಲಿ ಬಳಿದು ಒಣಗಲು ಅಂಗಳದಲ್ಲಿ ಮಲಗಿಸಿದಾಗ ಒಂದು ಕೋಳಿ ನನ್ನ ಮೇಲೆ ನಡೆದುಹೋಯಿತು. ಪಾವ್ಲು ಆ ಹೆಜ್ಜೆಗಳನ್ನು ಅಳಿಸುವ ಗೋಜಿಗೆ ಹೋಗಲಿಲ್ಲ. ಪಕ್ಕದಲ್ಲಿ ‘ಪಕ್ಷಿಧಾಮ’ ಎಂದು ಬರೆದುಬಿಟ್ಟರು. ಏಡಿಕುದ್ರು ಜಿಲ್ಲೆಗೆ ಪಕ್ಷಿಧಾಮ ಬಂದದ್ದು ಹಾಗೆ.

ಕುದ್ರು ಎಂದರೆ ನಮ್ಮ ಕಡೆ ಸುತ್ತ ನೀರಿರುವ ನೆಲ. ಏಡಿಕುದ್ರಿನ ಮೂಡುಬದಿಗೆ ಹೊಳೆ, ಪಡುಬದಿಗೆ ಕಡಲು. ಅಷ್ಟು ಚೂರು ನೆಲ ಜಿಲ್ಲೆಯಾದದ್ದು ಬರಿಯ ಮರ್ಯಾದೆಯಿಂದ. ಆಚೀಚೆಯ ಎರಡು ಜಿಲ್ಲೆಗಳು ‘ನಮಗೆ ಬೇಡ, ನೀವೇ ಇಟ್ಟುಕೊಳ್ಳಿ’ ಎಂದು ಒಬ್ಬರಿಗೊಬ್ಬರು ಬಹಳ ಕಾಲ ಒತ್ತಾಯ ಮಾಡಿಕೊಂಡು, ಕೊನೆಗೆ ಅದನ್ನು ಅದಕ್ಕೇ ಬಿಟ್ಟುಕೊಟ್ಟವು. ಜಿಲ್ಲಾಧಿಕಾರಿಗಳ ಜೀಪಿನ ಡ್ರೈವರು ಮೂರನೆಯ ಗೇರನ್ನು ಮುಟ್ಟದೆಯೇ ನಿವೃತ್ತನಾದ. ಅದನ್ನು ಹಾಕುವಷ್ಟರಲ್ಲಿ ಜಿಲ್ಲೆ ಮುಗಿದು ಬ್ರೇಕ್ ಒತ್ತಬೇಕಾಗುತ್ತಿತ್ತು.

ಇಂಥ ಜಿಲ್ಲೆಗೆ ಬರುವವರಿಗೆ ದಾರಿ ತೋರಿಸುವ ಫಲಕ ನಾನು. ಪಾವ್ಲುವಿಗೆ ದೋಣಿ ಕಂಡರೆ ವಾಂತಿ. ಆದ್ದರಿಂದ ಅವರು ಕುದ್ರನ್ನು ನೋಡದೆ, ಹೇಳಿದ್ದನ್ನು ಕೇಳಿ ಬರೆದರು. ಮೇಲ್ಗಡೆ ಉದ್ದಕ್ಕೆ ‘ಏಡಿಕುದ್ರು ಜಿಲ್ಲೆಗೆ ತಮಗೆ ಆದರದ ಸ್ವಾಗತ’. ಕೆಳಗೆ ಕುದ್ರಿನ ನಕ್ಷೆ. ಅದರ ಎಡಬದಿಯಲ್ಲಿ ಆಗಿನ ಉಸ್ತುವಾರಿ ಸಚಿವರು, ಕೈ ಮುಗಿದುಕೊಂಡು. ಸಚಿವರು ಒಳ್ಳೆ ಊಟದ ಮನುಷ್ಯ. ಅವರನ್ನು ಬರೆದು ಮುಗಿಸುವಾಗ ಕಡಲಿಗೆ ಜಾಗವೇ ಉಳಿಯಲಿಲ್ಲ. ಪಡುದಂಡೆ ಪೂರ್ತಿ ಅವರ ಹೊಟ್ಟೆಯಡಿಗೆ ಹೋಯಿತು. ಉಳಿದ ಜಾಗದಲ್ಲಿ ದೀಪಸ್ತಂಭ, ಇಗರ್ಜಿ, ಮುರುಕು ಕೋಟೆ ಮತ್ತು ಕೋಳಿಯ ಪಕ್ಷಿಧಾಮ.

ನನ್ನನ್ನು ಮೂಡುಬದಿಯ ದೋಣಿಕಟ್ಟೆಯಲ್ಲಿ ನಿಲ್ಲಿಸಿದರು. ಬಂದವರು ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಓದದೆ, ಸೀದಾ ಪದ್ದುವಿನ ಮನೆ ಎಲ್ಲಿ ಎಂದು ಕೇಳುತ್ತಿದ್ದರು.

ಪದ್ದು ಮರಕಾಲ್ತಿ ಪಡುದಂಡೆಯ ತನ್ನ ಮನೆಯ ಜಗುಲಿಯಲ್ಲಿ ಊಟ ಹಾಕುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅದರ ಖಾರಕ್ಕೆ ಒಬ್ಬ ಮೂಗ ಮಾತಾಡಿದನೆಂದು ಪ್ರತೀತಿ. ಆಡಿದ್ದು ಬೈಗುಳವಾದ್ದರಿಂದ ಯಾರೂ ಅದನ್ನು ಪವಾಡವೆಂದು ಬರೆಸಲಿಲ್ಲ. ಗಂಡ ಕಾಳಿಂಗ ಮರಕಾಲ ಪ್ರವಾಸಿಗಳನ್ನು ಹೊಳೆ ದಾಟಿಸುವ ದೋಣಿಯವನು. ಮಕ್ಕಳಿಲ್ಲ. ಆ ಮನೆಯನ್ನು ಇಬ್ಬರೂ ಕೂಡಿ ಕಲ್ಲು ಹೊತ್ತು ಕಟ್ಟಿದ್ದರು. ಆಗ ಮನೆಗೂ ಕಡಲಿಗೂ ನಡುವೆ ಒಂದು ತೆಂಗಿನ ತೋಟವಿತ್ತು. ನಾನು ಬರುವಷ್ಟರಲ್ಲಿ ಒಂದು ಸಾಲು ತೆಂಗು ಉಳಿದಿತ್ತು. ಒಂದು ಮಳೆಗಾಲದಲ್ಲಿ ಅದೂ ಹೋಯಿತು.

ನೂಲಹುಣ್ಣಿಮೆಯ ದಿನ ಮೀನು ಹಿಡಿಯುವ ಮರಕಾಲರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುವುದು ರೂಢಿ. ಆ ವರ್ಷ ಪದ್ದು ಕೈ ಮುಗಿದು ಬಿಟ್ಟ ಕಾಯಿಯನ್ನು ಕಡಲು ಮಧ್ಯಾಹ್ನದ ಹೊತ್ತಿಗೆ ತಂದು ಅವಳ ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟು ಹೋಯಿತು.

“ಕಡಲಿಗೆ ನಮ್ ಕಾಯಿ ಬ್ಯಾಡ ಅಂಬ್ರ್,” ಎಂದಳಂತೆ ಪದ್ದು ಗಂಡನಿಗೆ. “ಅದ್ರ್ ಕಣ್ಣ್ ಮನಿ ಮೇಲಿತ್ತ್.”

ಮರುದಿನವೇ ಅವಳು ದೋಣಿಕಟ್ಟೆಗೆ ಬಂದು ನಾವುಡರನ್ನು ಹಿಡಿದಳು. ನಾವುಡರು ಪ್ರವಾಸೋದ್ಯಮದ ಗುಮಾಸ್ತರು. ಚಿಕ್ಕ ಜಿಲ್ಲೆಯಾದ್ದರಿಂದ ಮೀನುಗಾರಿಕೆ, ಅರಣ್ಯ, ರೇಷ್ಮೆ ಮೂರಕ್ಕೂ ಅವರೇ. ಅರಣ್ಯ ಎಂದರೆ ಅವರ ಕಚೇರಿಯ ಹಿಂದಿನ ಗೇರುಮರ.

“ನಾವುಡ್ರೆ, ಸರಕಾರದಿಂದ ಕಲ್ಲ್ ಮಂಜೂರಾಯ್ತಂಬ್ರಲೆ? ನಮ್ಮನಿ ಎದ್ರಿಗೆ ಒಂದ್ ಗ್ವಾಡಿ ಕಟ್ಸಿ ಕೊಡಿ.”

“ಪದ್ದು, ಕಲ್ಲೇನೋ ಮಂಜೂರಾಯಿತ್ತ್. ಆದ್ರೆ ಅದ್ ಪ್ರವಾಸಿ ಸ್ಥಳ ಉಳಿಸುಕೆ ಬಂದದ್ದ್. ಮನಿ ಉಳಿಸುಕೆ ಬಂದದ್ದಲ್ಲ.”

“ಮತ್ತೆ ಪ್ರವಾಸಿಗಳ್ ಬಪ್ಪುದ್ ಎಲ್ಲಿಗೆ? ನಮ್ಮನಿಗೆ ಅಲ್ದಾ?”

“ಉಂಬುಕ್ ಬಪ್ಪುದ್ ಬೇರೆ, ಕಾಂಬುಕ್ ಬಪ್ಪುದ್ ಬೇರೆ,” ಎಂದರು ನಾವುಡರು. ನನ್ನನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದು ಹೇಳಿದರು, “ಈ ಬೋರ್ಡಿನೊಳ್ಗೆ ಇದ್ರ್ ಕಲ್ಲ್. ಇಲ್ದಿರೆ ಇಲ್ಲೆ.”

ಈ ಮಾತು ಕುದ್ರಿನಲ್ಲಿ ಹಬ್ಬಿದ್ದೇ ತಡ, ಒಂದೇ ವಾರದಲ್ಲಿ ಜಿಲ್ಲೆಯ ಇತಿಹಾಸ ಊದಿಕೊಂಡಿತು. ಒಬ್ಬರ ಹಟ್ಟಿಯಲ್ಲಿ ಸೇನಾಪತಿಯ ಕುದುರೆ ಕಟ್ಟಿದ್ದರು. ಒಬ್ಬರ ಪಾಯಖಾನೆ ಯುದ್ಧಕಾಲದ ಕಾವಲುಗೋಪುರ. ಅದರೊಳಗೆ ಕೂತರೆ ಈಗಲೂ ವೈರಿಯ ಹಡಗು ಕಾಣುತ್ತದೆ. ಇದನ್ನೆಲ್ಲ ನಾವುಡರು ಕೇಳಿ, ತಲೆಯಾಡಿಸಿ, ಆಗದು ಎಂದರು. ಪದ್ದುವಿನದನ್ನು ಮಾತ್ರ ಒಪ್ಪಿದರು. ಯಾಕೆಂದರೆ ಅವಳು ಅದನ್ನು ಊಟಕ್ಕೆ ಬಡಿಸಿದ ಮೇಲೆ ಹೇಳಿದಳು.

“ನಮ್ ಜಗುಲಿ ಮೇಲೆ ರಾಣಿ ಕೂಕಂಡಿತ್ತ್.”

ಗಂಡನಿಗೇ ಇದು ಹೊಸ ಸುದ್ದಿ. ದೋಣಿಕಟ್ಟೆಯಲ್ಲಿ, ನನ್ನ ಎದುರಿಗೇ, ಕಾಳಿಂಗ ಅವಳನ್ನು ಕೇಳಿದ, “ಯಾವ್ ರಾಣಿ ಹೆಣ್ಣೇ?”

“ಕೂಕಂಡ ರಾಣಿ.”

“ಮನಿ ಕಟ್ಟಿದ್ದ್ ನಾವ್. ರಾಣಿ ಯಾವಾಗ್ ಬಂತ್?”

“ನೀವ್ ದೋಣಿಗ್ ಹೋದಾಗ.”

“ನನ್ ಅಬ್ಬಿ, ನಿನ್ ಅತ್ತಿ, ಒಬ್ಳೇ ಅಲ್ಲಿ ಕೂಕಂತಿದ್ದದ್ದ್.”

“ಹಾಂಗಾರೆ ಅದೇ ರಾಣಿ ಅಂದ್ಕಣಿ. ಬದ್ಕಿದ್ದಾಗ ಹಾಂಗೇ ಆಡ್ತಿತ್ತಲೆ!”

ಪಾವ್ಲು ಪೈಂಟರನ್ನು ಕಾಳಿಂಗನೇ ದೋಣಿಯಲ್ಲಿ ಕರೆತಂದ. ಪಾವ್ಲು ಹೊಳೆಯ ಅರ್ಧದಲ್ಲಿ ಬೆಳಗಿನದ್ದನ್ನೂ, ಈ ದಡದಲ್ಲಿ ಹಿಂದಿನ ದಿನದ್ದನ್ನೂ ಕಕ್ಕಿ, ಬ್ರಷ್ಷು ಹಿಡಿದು ನನ್ನ ಮುಂದೆ ನಿಂತರು. ಒಂದು ಪುಟ್ಟ ಹಂಚಿನ ಮನೆ ಬರೆದರು. ಕೆಳಗೆ ‘ರಾಣಿ ಕೂತ ಜಗುಲಿ’. ಬರೆದದ್ದು ಮೂಡುಬದಿಯಲ್ಲಿ, ಹೊಳೆಯ ಪಕ್ಕ.

“ಪೈಂಟ್ರೇ, ನಮ್ಮನಿ ಪಡುಬದಿಗ್ ಅಲ್ದಾ?” ಎಂದಳು ಪದ್ದು.

“ಪಡುಬದಿಯಲ್ಲಿ ಮಂತ್ರಿಗಳು ಉಂಟಲ್ಲ ಮಾರಾಯ್ತಿ! ಅವರ ಹೊಟ್ಟೆ ಮೇಲೆ ಮನೆ ಕಟ್ಟಿದರೆ ನಾಳೆ ನನ್ನನ್ನು ಎಲ್ಲಿ ಹಾಕ್ತಾರೆ ಗೊತ್ತುಂಟಾ?”

ಪದ್ದು ನಾವುಡರ ಮುಖ ನೋಡಿದಳು. ನಾವುಡರು ಸಚಿವರ ಹೊಟ್ಟೆ ನೋಡಿದರು. ಕಾಳಿಂಗ ಅವಸರ ಮಾಡಿದ, “ಎಲ್ಲಾದ್ರೂ ಇರ್ಲಿ ಹೆಣ್ಣೇ, ಬೋರ್ಡಿನೊಳ್ಗೆ ಇದ್ರ್ ಸಾಕಲೆ. ಕಲ್ಲ್ ತರುವವ್ರಿಗೆ ಕಡಲ್ ಯಾವ್ ಬದಿಗಿತ್ತ್ ಅಂದ್ ಕಾಂತಿಲ್ಯಾ?”

ಎಲ್ಲರೂ ಹೌದೆಂದರು. ನನಗೂ ಹೌದೆನಿಸಿತು. ಕಡಲು ಅಂಥ ಸಣ್ಣ ವಸ್ತುವೇನಲ್ಲ.

ಬೇಸಗೆಯಲ್ಲಿ ಬಾರ್ಜುಗಳಲ್ಲಿ ಕಲ್ಲು ಬಂತು. ಜೊತೆಗೆ ಬಯಲುಸೀಮೆಯ ಒಬ್ಬ ಇಂಜಿನಿಯರು. ಅವರು ದೋಣಿಕಟ್ಟೆಯಲ್ಲಿ ಇಳಿದು ನನ್ನನ್ನು ಓದಿದರು. ಅಷ್ಟು ಕಾಲ ನಿಂತಿದ್ದ ನನ್ನನ್ನು ಪೂರ್ತಿ ಓದಿದ ಮೊದಲನೆಯ ಮನುಷ್ಯ ಅವರೇ. ನನಗೆ ನಾಚಿಕೆಯಾಯಿತು. ಓದಿ ಮುಗಿಸಿ, ಹೊಳೆಯ ಬದಿಗೆ ಗೂಟ ಹೊಡೆಸಿದರು. ಅಲ್ಲಿ ಎಮ್ಮೆ ಮೀಯಿಸುತ್ತಿದ್ದವರು ಎಮ್ಮೆಗಳನ್ನು ಎಬ್ಬಿಸಿಕೊಂಡು ಹೋದರು.

ಪದ್ದು ಸೌಟು ಹಿಡಿದುಕೊಂಡೇ ಓಡಿ ಬಂದಳು. “ಹ್ವಾಯ್, ಇದ್ ಹೊಳಿ ಮಾರಾಯ್ರೆ! ಕಡಲ್ ಆ ಬದಿ! ನಮ್ಮನಿ ಆ ಬದಿ!”

“ನೋಡಮ್ಮ, ರಾಣಿ ಕೂತ ಜಗುಲಿ ಈ ಕಡೆನೇ ಐತೆ ಅಂತ ಬರ್ದವ್ರೆ.”

“ಬರ್ದದ್ದ್ ಸುಳ್ಳ್. ಬನ್ನಿ, ಕಾಣಿ. ಊಟ ಮಾಡ್ಕಂಡೇ ಹೋಯ್ನಿ.”

ಇಂಜಿನಿಯರು ಕೆಟ್ಟವರಲ್ಲ. ಹೋಗಿ ಕಡಲನ್ನು ನೋಡಿದರು, ಮನೆ ನೋಡಿದರು, ಉಂಡರು, ಕಣ್ಣೊರೆಸಿಕೊಂಡರಂತೆ. ಖಾರಕ್ಕೋ ಏನೋ ಗೊತ್ತಿಲ್ಲ. “ಮಂಜೂರಾಗಿರೋ ಜಾಗ ಬಿಟ್ಟು ನಾನು ಒಂದು ಕಲ್ಲೂ ಇಡಂಗಿಲ್ಲ ತಾಯಿ,” ಎಂದು ಹೇಳಿ ಗೋಡೆ ಕಟ್ಟಿಸಿ ಹೋದರು. ಬಹಳ ಗಟ್ಟಿ ಗೋಡೆ. ಸುನಾಮಿ ಬಂದರೂ ತಡೆಯುತ್ತಿತ್ತು. ಆದರೆ ಹೊಳೆಯಲ್ಲಿ ಸುನಾಮಿ ಬರುವ ವಾಡಿಕೆಯಿಲ್ಲ.

ನಾವುಡರು ಒಂದು ದಾರಿ ಹೇಳಿದರು. ಸಚಿವರು ಬದಲಾದರೆ ಹೊಸ ಬೋರ್ಡು ಬರುತ್ತದೆ, ಆಗ ಪಡುದಂಡೆ ಕಾಣಿಸುತ್ತದೆ, ಮನೆಯನ್ನು ಅಲ್ಲಿಗೆ ಸರಿಸೋಣ. ಪದ್ದು ಆ ಸಚಿವರು ಸೋಲಲೆಂದು ಇಗರ್ಜಿಗೂ ದೇವಸ್ಥಾನಕ್ಕೂ ಹರಕೆ ಹೊತ್ತಳು. ಅವರು ಸೋತರು. ಹೊಸ ಬೋರ್ಡು ಬಂತು. ಹೊಸ ಸಚಿವರು ಇನ್ನೂ ಒಳ್ಳೆ ಊಟದ ಮನುಷ್ಯ. ಈ ಸಲ ಅವರ ಜೊತೆ ತಮ್ಮನೂ ಇದ್ದ. ಪಡುದಂಡೆಯ ಜೊತೆಗೆ ದೀಪಸ್ತಂಭವೂ ಹೋಯಿತು. ರಾಣಿಯ ಜಗುಲಿಗೆ ಗೋಡೆಯಾಗಿ ಕಡತ ಮುಗಿದಿದ್ದರಿಂದ ಅದನ್ನು ಕೈಬಿಟ್ಟರು.

ನನ್ನನ್ನು ಕಿತ್ತು ಎಸೆದರು. ಪದ್ದು ಎತ್ತಿಕೊಂಡು ಹೋದಳು.

ಹಾಗೆ ನಾನು ಮೊದಲ ಸಲ ಕಡಲನ್ನು ಕಂಡೆ. ಕಾಳಿಂಗ ನಾಲ್ಕು ಗೂಟ ಹುಗಿದು, ನನ್ನನ್ನು ಅಡುಗೆಮನೆಯ ಗೋಡೆಗೆ ಅಡ್ಡವಾಗಿ, ಅಲೆಗೆ ಎದುರಾಗಿ ಬಿಗಿದ. ಬರಹ ಹೊರಮುಖ. ಹಳೆಯ ಸಚಿವರು ಕೈ ಮುಗಿದು ಸಮುದ್ರಕ್ಕೆ ‘ತಮಗೆ ಆದರದ ಸ್ವಾಗತ’ ಹೇಳುತ್ತ ನಿಂತರು. ಓದು ಬಾರದವರ ಮನೆ. ಇದರಲ್ಲೇನು ಅಪಾಯವಿದೆ ಎಂದು ಅವರಿಗೆ ಹೊಳೆಯಲಿಲ್ಲ. ಕಡಲಿಗೆ ಓದು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಇಷ್ಟರಲ್ಲಿ ಕಾಳಿಂಗನಿಗೆ ಒಂದು ವಿಚಿತ್ರ ರೋಗ ಹಿಡಿದಿತ್ತು. ದೋಣಿಯಲ್ಲಿ ಬರುವವರಿಗೆ ರಾಣಿಯ ಕಥೆ ಹೇಳಿ ಹೇಳಿ ಅವನು ಅದನ್ನು ನಂಬಿಬಿಟ್ಟಿದ್ದ. ರಾಣಿಗೆ ಕಾಲುನೋವಿತ್ತು, ಮಜ್ಜಿಗೆ ಕೇಳಿದಳು, ಉಪ್ಪು ಸಾಲದೆಂದಳು. ಜಗುಲಿಯ ಆ ಮೂಲೆಯಲ್ಲಿ ತಾನು ಕೂರುವುದನ್ನು ಬಿಟ್ಟ. ಮೆಟ್ಟಿಲಲ್ಲಿ ಕೂತು ಉಣ್ಣತೊಡಗಿದ. ಬೆಕ್ಕು ಅಲ್ಲಿ ಮಲಗಿದರೆ ಎಬ್ಬಿಸಿ, “ಹ್ವಾಯ್, ಅಲ್ಲಿ ಅಲ್ಲ,” ಎನ್ನುತ್ತಿದ್ದ.

ಆಷಾಢದ ಒಂದು ಮಧ್ಯಾಹ್ನ, ಅನ್ನ ಬಸಿಯುವ ಹೊತ್ತಿಗೆ, ಕಡಲು ಬಂತು. ಮೊದಲ ಅಲೆ ನನ್ನನ್ನು ಗೂಟಸಮೇತ ಕಿತ್ತು ಅಂಗಳಕ್ಕೆ ಎಸೆಯಿತು. ಅಂಗಾತ ಬಿದ್ದುಕೊಂಡು ನಾನು ಮುಂದಿನದನ್ನು ನೋಡಿದೆ. ಅಡುಗೆಮನೆ ಕೂತುಕೊಂಡಿತು. ನೆರೆಯವರು ಪಾತ್ರೆ, ಅಕ್ಕಿ, ದೇವರ ಪಟ ಹೊತ್ತು ಓಡಿದರು. ಕಾಳಿಂಗ ಮಾತ್ರ ಹೋಗಿ ಜಗುಲಿಯ ಆ ಮೂಲೆಯಲ್ಲಿ, ಬಹಳ ದಿನಗಳ ಮೇಲೆ ತಾನೇ ಕೂತ.

“ಏಳಿ, ಹ್ವಾಯ್!” ಎಂದಳು ಪದ್ದು.

“ನಾ ಏಳುದಿಲ್ಲೆ. ರಾಣಿ ಕೂಕಂಡ ಜಾಗ. ಕಡಲಿಗ್ ಬಿಟ್ಟಿಕ್ ಹೋಪುಕಾತ್ತಾ?”

“ಮರ್ಲಾ ನಿಮ್ಗೆ? ಅದ್ ನಾ ಹೇಳದ್ ಸುಳ್ಳ್ ಅಲ್ದಾ!”

“ನೀ ಸುಳ್ಳ್ ಹೇಳಿರ್ಲಕ್ಕ್. ಅದ್ ಕೂಕಂಡದ್ದ್ ಸುಳ್ಳಲ್ಲ.”

ನಡುಮನೆಯ ಗೋಡೆ ಬಾಯಿ ಬಿಟ್ಟಿತು. ಪದ್ದು ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಎಳೆದಳು, ಬೈದಳು, ಅತ್ತಳು. ಅವನು ಕಂಬ ಹಿಡಿದುಕೊಂಡ. ಆಮೇಲೆ ಅವಳು ದನಿ ತಗ್ಗಿಸಿದಳು. ಜಗುಲಿಯ ಖಾಲಿ ಜಾಗದ ಕಡೆ ಒಮ್ಮೆ ನೋಡಿ, ಬಾಗಿಲ ತನಕ ಯಾರನ್ನೋ ಕಳಿಸಿಕೊಟ್ಟು ಬಂದವಳ ಹಾಗೆ ಹೇಳಿದಳು:

“ಕೇಣಿ ಇಲ್ಲಿ. ರಾಣಿ ಎದ್ಕಂಡ್ ಹೋಯ್ತ್. ನಾ ಕಂಡೆ. ಇನ್ನ್ ಯಾರಿಗ್ ಕಾಯ್ತ್ರಿ? ಏಳಿ.”

ಕಾಳಿಂಗ ಕಂಬದ ಹಿಡಿತ ಸಡಿಲಿಸಿದ. “ರಾಣಿ ಎಂತಾದ್ರೂ ಹೇಳ್ತಾ?”

“ಇಲ್ಲೆ. ಸುಮ್ನೆ ಹೋಯ್ತ್.”

ಅವನು ಎದ್ದ. ಇಬ್ಬರೂ ಅಂಗಳ ದಾಟಿ ನನ್ನ ಮೇಲೇ ಕಾಲಿಟ್ಟು ದಿಬ್ಬ ಹತ್ತಿದರು. ಹಿಂದೆ ಜಗುಲಿ ಹೋಯಿತು. ಮಾಡು ಅದರ ಮೇಲೆ ಬಂತು. ಸಂಜೆಯ ಹೊತ್ತಿಗೆ ಅಲ್ಲಿ ಮನೆಯಿತ್ತು ಎನ್ನುವುದಕ್ಕೆ ಒಂದು ಒರಳುಕಲ್ಲು ಉಳಿದಿತ್ತು. ಮರುದಿನ ಅದೂ ಇರಲಿಲ್ಲ.

ಬೇರೆ ನೆಲವಿಲ್ಲದ್ದರಿಂದ ಅವರು ಹೊಳೆಯ ಬದಿಯ ಗೋಡೆಯ ಹಿಂದೆ, ಸರಕಾರದ ಜಾಗದಲ್ಲಿ, ಒಂದು ಗುಡಿಸಲು ಹಾಕಿಕೊಂಡರು. ಅತಿಕ್ರಮಣವೆಂದು ಎಬ್ಬಿಸಲು ಬಂದ ನಾವುಡರು, ಮಾಡಿಗೆ ಹೊದಿಸಿದ್ದ ನನ್ನನ್ನು ನೋಡಿ ಕನ್ನಡಕ ಏರಿಸಿದರು. ಸಚಿವರ ಮುಖವನ್ನು ಕಡಲು ಉಜ್ಜಿ ತೆಗೆದಿತ್ತು. ಆದರೆ ಮನೆಯ ಚಿತ್ರ ಉಳಿದಿತ್ತು. “ನಿಮ್ಮನಿ ಮೊದ್ಲಿಂದ್ಲೂ ಇಲ್ಲೇ ಅಂದ್ ಸರಕಾರವೇ ಬರ್ದಿತ್ತಲೆ! ಹಾಂಗಾರೆ ಅತಿಕ್ರಮಣ ಆತಿಲ್ಲೆ,” ಎಂದು ಸಂತೋಷದಿಂದ ಹೇಳಿ ಹೋದರು. ಪದ್ದು ನಗಲಿಲ್ಲ. ನಾನು ತಗಡು, ನನಗೂ ಆಗಲಿಲ್ಲ.

ಈಗ ನನಗೆ ವಯಸ್ಸಾಯಿತು. ಮೈತುಂಬ ತುಕ್ಕು, ಅಲ್ಲಲ್ಲಿ ತೂತು. ಅಮಾವಾಸ್ಯೆಯ ಉಬ್ಬರಕ್ಕೆ ನೀರು ಹಿಂಬದಿಯಿಂದ, ಕಡಲ ಕಡೆಯಿಂದ, ನುಗ್ಗುತ್ತದೆ. ಗಟ್ಟಿ ಗೋಡೆ ಅದನ್ನು ಹೊಳೆಗೆ ಮರಳಲು ಬಿಡುವುದಿಲ್ಲ. ಪದ್ದು ಒಲೆಯನ್ನು ಹಲಗೆಯ ಮೇಲೆ ಎತ್ತಿಟ್ಟು ಇಬ್ಬರಿಗಾಗುವಷ್ಟು ಗಂಜಿ ಬೇಯಿಸುತ್ತಾಳೆ. ಕಾಳಿಂಗ ದೋಣಿಯಲ್ಲಿ ಬರುವವರಿಗೆ ಈಗ ಯಾವ ಕಥೆಯನ್ನೂ ಹೇಳುವುದಿಲ್ಲವಂತೆ. ಕೇಳಿದರೆ ನೀರು ತೋರಿಸುತ್ತಾನಂತೆ.

ಜಿಲ್ಲೆ ಇನ್ನೂ ಚಿಕ್ಕದಾಗಿದೆ ಎಂದು ಕೇಳಿದ್ದೇನೆ. ಈಗಿನ ಡ್ರೈವರಿಗೆ ಎರಡನೆಯ ಗೇರೂ ಬೇಡವಂತೆ.

ದಾರಿ ತೋರಿಸುವುದು ನನ್ನ ಕಸುಬಾಗಿತ್ತು. ಎಷ್ಟೋ ಜನ ನನ್ನ ಮುಂದೆ ನಿಂತು, ನಕ್ಕು, ಫೋಟೋ ತೆಗೆಸಿಕೊಂಡು, ತಮಗೆ ಬೇಕಾದ ಕಡೆ ನಡೆದರು. ನಾನು ತೋರಿಸಿದ ಜಾಗಕ್ಕೇ ಬಂದು ಸೇರಿದವರು ಇವರಿಬ್ಬರೇ.